ಜೋಮು ಇಳಿಯುವವರೆಗೆ

ನರ್ಸ್ ಐದನೆಯ ಸಲ ಮಂಜುಗಡ್ಡೆಯನ್ನು ಹುಡುಗಿಯ ಕಾಲಿನ ಹೆಬ್ಬೆರಳಿಗೆ ಒತ್ತಿದಳು. ಹುಡುಗಿ ಕಾಲಿನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಜ್ಜನ ಮುಖ ನೋಡಿದಳು.

“ಏನೂ ಗೊತ್ತಾಗ್ತಿಲ್ಲ.”

“ಇದೇನು ಕಾಲೋ, ಕುಂಭಕರ್ಣನೋ?” ಎಂದು ನರ್ಸ್ ನಕ್ಕಳು. ಹಾಳೆಯಲ್ಲಿ ಬರೆದುಕೊಳ್ಳುವಾಗ ಆ ನಗು ಇರಲಿಲ್ಲ.

ಪಾದದ ಮುರಿದ ಮೂಳೆಯನ್ನು ಬೆಳಿಗ್ಗೆ ಜೋಡಿಸಿದ್ದರು. ಮೊಣಕಾಲಿನ ಹಿಂದೆ, ನರದ ಪಕ್ಕದಲ್ಲಿ ಒಂದು ಸೂಜಿಮದ್ದು ಕೊಟ್ಟರೆ ಎಚ್ಚರವಾದ ಮೇಲೂ ನೋವು ತಿಳಿಯದು, ಮಧ್ಯಾಹ್ನದ ಹೊತ್ತಿಗೆ ಜೋಮು ತಾನೇ ಇಳಿಯುತ್ತದೆ ಎಂದು ಅರಿವಳಿಕೆಯ ಡಾಕ್ಟರು ಹೇಳಿದ್ದರು. ತಾಯಿಯಿಲ್ಲದ ಮಗು ನರಳುವುದನ್ನು ನೋಡಲಾರದೆ ಅಜ್ಜ ಹಿಂದುಮುಂದು ಯೋಚಿಸದೆ ಸಹಿ ಹಾಕಿದ್ದರು. ಈಗ ನಾಲ್ಕು ಗಂಟೆ. ಆ ಸಹಿಯೇ ಕೊರಳಿಗೆ ಉರುಳಾಗಿತ್ತು.

ಕೋಣೆಗೆ ಕಿಟಕಿಯಿರಲಿಲ್ಲ. ಎರಡು ಮಂಚಗಳ ನಡುವೆ ಒಂದು ಸ್ಟೂಲು. ಕಾಲು ಚಾಚಿದರೆ ಗೋಡೆ, ಬೆನ್ನು ಒರಗಿಸಿದರೆ ಸಿಲಿಂಡರು. ಜೋಮು ಇಳಿದೊಡನೆ ಮಗು ಮಕ್ಕಳ ವಾರ್ಡಿಗೆ, ಮನೆಯವರು ಗೇಟಿನಾಚೆಗೆ. ಅದು ಅಲ್ಲಿಯ ಕಟ್ಟಳೆ. ಗೇಟಿನಾಚೆ ಬೀದಿಯಲ್ಲಿ ಮಲಗಿದರೂ ಸರಿ, ಕಾಲಿಗೆ ಜೀವ ಬರಲಿ ಎಂದು ಅಜ್ಜ ಕಣ್ಣು ಮುಚ್ಚಿ ಬೇಡಿಕೊಂಡರು. ದೇವರೇ, ನೀನು ಮಗಳನ್ನು ಕರೆದುಕೊಂಡೆ, ನಾನು ಎದುರಾಡಲಿಲ್ಲ. ಈ ಕಾಲೊಂದನ್ನು ಬಿಟ್ಟುಕೊಡು.

ಹುಡುಗಿಯ ಹಣೆ ಬೆವರಿತ್ತು. ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಹೆದರಿದ್ದಾಳೆಂದು ಅಜ್ಜ ಕೈ ಕೊಟ್ಟರು. ಅವಳು ಹಿಡಿದ ಬಿಗಿಗೆ ಅವರ ಬೆರಳುಗಳು ನೊಂದವು.

ಡಾಕ್ಟರು ಬಂದರು. ಬೆರಳುಗಳ ಬಣ್ಣ ನೋಡಿದರು, ಸೂಜಿಯ ಮೊನೆ ತಾಗಿಸಿದರು. ಒಂದು ಬೆರಳೂ ಮಿಸುಕಲಿಲ್ಲ. ನರಕ್ಕೆ ಪೆಟ್ಟಾಗಿರಬಹುದು, ಒಳಗೆ ಒಯ್ದು ಪಟ್ಟಿ ಬಿಚ್ಚಿ ನೋಡಬೇಕು ಎಂದು ಇನ್ನೊಂದು ಕಾಗದವನ್ನು ಅಜ್ಜನ ಮುಂದೆ ಹಿಡಿದರು.

ಅಜ್ಜ ಪೆನ್ನು ತೆಗೆದುಕೊಂಡರು.

“ತಪ್ಪೆಲ್ಲ ನಂದೇ ಪುಟ್ಟಿ. ನಿನಗೆ ನೋವಾಗಬಾರದು ಅಂತ ಆಸೆಪಟ್ಟೆ, ನೋಡು.”

ಮೊದಲ ಅಕ್ಷರ ಮೂಡುವಷ್ಟರಲ್ಲಿ ಹುಡುಗಿ ಪೆನ್ನು ಹಿಡಿದು ನಿಲ್ಲಿಸಿದಳು.

“ಬರೀಬೇಡ ಅಜ್ಜ. ಮಧ್ಯಾಹ್ನದಿಂದ ತುಂಬಾ ನೋಯ್ತಿದೆ. ಹೇಳಿದ್ರೆ ನಿನ್ನ ಹೊರಗೆ ಕಳಿಸ್ತಾರಲ್ಲ.”