ಗಾಜಿನ ಕೋಣೆಯ ಮಾತು

ಮೈಕಿನ ವೈರನ್ನು ಶಿದ್ರಾಮಪ್ಪ ಕೈಯಾರೆ ಕಿತ್ತು ಮೇಜಿನ ಮೇಲೆ ಒಗೆದ.

"ಈಗ ಬರಿ ನೋಡೂಣು, ನಿಮ್ಮೌನ!"

ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದೊಂದೇ ಅಕ್ಷರ ಮೂಡಿತು: ಈಗ ಬರಿ ನೋಡೂಣು.

ಬೈಗುಳವೊಂದನ್ನು ಬಿಟ್ಟಿತ್ತು. ಭಾರಿ ಮರ್ಯಾದಸ್ಥ ಯಂತ್ರ!

ಜಮಖಂಡಿಯಿಂದ ರಿಪೇರಿಗೆ ಬಂದಿದ್ದ ಸಂಜಯ ತಲೆ ಕೆರೆದುಕೊಂಡ. ಮೈಕಿನ ಸೆಟ್ಟಿಂಗ್ ನೋಡಿದ್ದ, ಭಾಷೆ ಕನ್ನಡವೇ ಇದೆಯೆಂದು ಖಾತ್ರಿ ಮಾಡಿಕೊಂಡಿದ್ದ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದ. ಈಗ ತಾನೂ ಮುಖ ಪರದೆಯ ಮರೆಗೆ ಹೋಗುವಷ್ಟು ಬಾಗಿ "ಹಲೋ, ಹಲೋ" ಅಂದ. ಒಂದಕ್ಷರ ಬರಲಿಲ್ಲ.

"ನಿಮ್ಮ ದನಿ ಒಂದೇ ಹಿಡ್ಯಾಕತ್ತೈತಿ ನೋಡ್ರಿ ಸಾವಕಾರ್ರ. ಒಳಗ ಇನ್ನೊಂದು ಮೈಕ್ ಇರಬೇಕು. ಯಾವಾಗರ ಬರೀಲಾರದ ಬಿಟ್ಟದ್ದೈತೇನ್ರಿ?"

"ಮೊನ್ನೆ ಹಲ್ಲು ಬಾತಿತ್ತು. ಬಾಯಿಗೆ ಟಾವೆಲ್ ಸುತ್ತಿಕೊಂಡು ಫೋನಿನಾಗ ಮಾತಾಡಿದ್ದೆ. ಅವತ್ತ ಏನೂ ಬರೀಲಿಲ್ಲ."

"ಹಂಗಂದ್ರ ಮೈಕಿಂದೇ ದೋಷ. ದನಿ ಹೋಗಿ ಮುಟ್ಟಿಲ್ಲ. ಕೀಬೋರ್ಡ್ ಎಲ್ಲೈತ್ರಿ?"

"ನನಗ ಒತ್ತಾಕ ಎಲ್ಲಿ ಬರತೈತೋ? ನೀ ಕೊಟ್ಟ ಆ ವೈರ್ ಇಲ್ಲದ್ದನ್ನ ಅವತ್ತೇ ಹೊರಗ ಒಗದೇನಿ. ಮೌಸಿನಾಗ ಏನ್ ಮಾಡತಿ ಮಾಡು."

ಬನಹಟ್ಟಿಯ ಆ ಮಗ್ಗದ ಶೆಡ್ಡನ್ನು ಶಿದ್ರಾಮಪ್ಪ ಕೊಂಡುಕೊಂಡವನು, ನೇಯ್ದು ಕಟ್ಟಿದವನಲ್ಲ. ಮೊದಲು ಸಾವಳಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಇಲ್ಲಿಗೆ ಬಂದವನೇ ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿಸಿ, ಸದ್ದು ಹೊರಗಿರಲಿ ಎಂದು ಬಾಗಿಲು ಹಾಕಿಕೊಂಡು ಕೂತ. ಹೊರಗೆ ಮಗ್ಗಗಳು ಬಡಿಯುವಾಗ ಪಕ್ಕದವರ ಮಾತೂ ಕೇಳದು. ಆದರೂ ನೇಕಾರರು ಆ ತುದಿಯಿಂದ ಈ ತುದಿಗೆ ಚೇಷ್ಟೆ ಮಾಡಿ ನಗುತ್ತಿದ್ದರು. ಅದು ಹೇಗೆಂದು ಇವನು ಒಮ್ಮೆಯೂ ಕೇಳಿದವನಲ್ಲ.

ಈಗ ನೇಕಾರರ ಸಂಘಕ್ಕೆ ಅಧ್ಯಕ್ಷನಾಗುವ ಹುಚ್ಚು. ಭಾಷಣಕ್ಕೆಂದೇ ಈ ಮಾತು ಕೇಳಿ ಬರೆಯುವ ಸಾಫ್ಟ್‌ವೇರ್ ಹಾಕಿಸಿದ್ದ. ಅದು ಭಾಷಣವನ್ನು ಬರೆಯಿತು, ಸರಿ. ಆದರೆ ಮೈಕ್ ಬಂದ್ ಮಾಡಿ ಫೋನಿನಲ್ಲಿ ಪಿಸುಗುಟ್ಟಿದ್ದನ್ನೂ ಬರೆಯತೊಡಗಿತು. ನಿನ್ನೆ ಮೂಡಿದ ಸಾಲು ನೋಡಿದವನೇ ಸಂಜಯನಿಗೆ ಬರಹೇಳಿದ್ದ: ಸಾತಪ್ಪ ಕುಡದಿದ್ದಿಲ್ಲ.

ಸಾತಪ್ಪ ಹೋದ ಶ್ರಾವಣದಲ್ಲಿ ಮಗ್ಗದ ಮುಂದೆಯೇ ಕರೆಂಟ್ ಹೊಡೆದು ಸತ್ತ ನೇಕಾರ. ಹಳೇ ವೈರ್ ಬದಲಿಸಿರೆಂದು ಅಂಗಲಾಚಿದ್ದವನು. ಕುಡಿದು ಬಂದು ವೈರಿಗೆ ಕೈ ಹಾಕಿದನೆಂದು ಶಿದ್ರಾಮಪ್ಪ ಊರಿಗೆಲ್ಲ ಹೇಳಿದ. ಹೌದೆಂದು ಮ್ಯಾನೇಜರ್ ಕಲ್ಮೇಶ ಸಾಕ್ಷಿ ನುಡಿದ. ಹೆಂಡದ ವಾಸನೆಯನ್ನೂ ಕಾಣದವನ ಹೆಣಕ್ಕೆ ಹೆಗಲು ಕೊಡಲು ಜನ ಹಿಂದೆಮುಂದೆ ನೋಡಿದರು.

ಶೆಡ್ಡಿನಲ್ಲಿ ಖರೆ ಸಂಗತಿ ಗೊತ್ತಿದ್ದವರು ತಾನು, ಕಲ್ಮೇಶ ಇಬ್ಬರೇ. ಅಂದಮೇಲೆ ಈ ಆಟ ಹೂಡಿದವನು ಕಲ್ಮೇಶನಲ್ಲದೆ ಇನ್ನಾರು? ಶಿದ್ರಾಮಪ್ಪ ಅವನನ್ನು ಒಳಗೆ ಕರೆಸಿದ.

"ನನ್ನ ಅನ್ನಾ ತಿಂದು ನನಗೇ ಗುಂಡಿ ತೋಡತಿಯೇನಲೇ? ಬಾಗಲಕೋಟಿ ತನಕ ಯಾರೂ ನಿನ್ನ ಕೆಲಸಕ್ಕ ಇಟ್ಕೋಬಾರದು, ಹಂಗ ಮಾಡತೇನಿ!"

"ನಾ ಏನೂ ಮಾಡಿಲ್ರೀ ಸಾವಕಾರ್ರ, ನನ್ನ ಮಕ್ಕಳಾಣಿ!"

"ನಡೀ ಹೊರಗ!"

"ಸಾವಕಾರ್ರ, ಸ್ವಲ್ಪ ಸಾವಕಾಶ," ಎಂದ ಸಂಜಯ, "ಗಾಜಿನಾಚೆ ಒಬ್ಬಾಕಿ ಕುಂತಾಳ್ರಿ."

"ಶೇವಂತಿನಾ? ಆಕಿ ಕಿವುಡಿ. ಮಗ್ಗಲದಾಗ ಮದ್ದು ಹಾರಿಸಿದ್ರೂ ತಿರುಗಿ ನೋಡಂಗಿಲ್ಲ."

ಶೇವಂತಿ ಸಾತಪ್ಪನ ಹೆಂಡತಿ. ಚಿಕ್ಕಂದಿನಿಂದ ಮಗ್ಗದ ಸದ್ದಿನಲ್ಲೇ ದುಡಿದು ಕಿವಿ ಕಳೆದುಕೊಂಡವಳು. ತನ್ನ ದನಿ ತನಗೇ ಕೇಳದಾದ ಮೇಲೆ ಮಾತನ್ನೂ ಬಿಟ್ಟಳು. ಏನಾದರೂ ಹೇಳಬೇಕಿದ್ದರೆ ಮೊಬೈಲಿನಲ್ಲಿ ಸರಸರ ಬರೆದು ತೋರಿಸುವಳು. ಗಂಡ ಹೋದಮೇಲೆ ಶಿದ್ರಾಮಪ್ಪ ದೊಡ್ಡ ಧರ್ಮಾತ್ಮನ ಹಾಗೆ ಅವಳನ್ನು ಗಾಜಿಗೆ ಎದುರಾಗಿ, ನೂಲಿನ ಗಂಟುಗಳ ನಡುವೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂರಿಸಿದ್ದ. ದಿನಾ ಬೆಳಿಗ್ಗೆ ಆ ಗಾಜನ್ನು ಫಳಫಳ ಒರೆಸುವವಳೂ ಅವಳೇ.

ಕಲ್ಮೇಶ ಹೊರಬಿದ್ದ. ಯಂತ್ರ ಅವತ್ತಿನಿಂದ ತೆಪ್ಪಗಾಯಿತು. ಮೈಕ್ ಹಚ್ಚಿದರೆ ಬರೆಯಿತು, ಕಿತ್ತರೆ ನಿಲ್ಲಿಸಿತು. ನನ್ನ ಲೆಕ್ಕಾಚಾರ ಎಂದಾದರೂ ತಪ್ಪಿದ್ದುಂಟೇ ಎಂದು ಶಿದ್ರಾಮಪ್ಪ ಮೀಸೆ ತಿರುವಿದ.

ಸಭೆಯ ದಿನ ಮಗ್ಗಗಳನ್ನು ನಿಲ್ಲಿಸಿ ಶೆಡ್ಡಿನ ತುಂಬ ನೇಕಾರರು ಕೂತರು. ಕೋಣೆಯ ಹೊರಗೆ, ಗಾಜಿನ ಮೇಲ್ಗಡೆ ದೊಡ್ಡ ಟಿವಿ ತೂಗುಹಾಕಿ ಕಂಪ್ಯೂಟರಿಗೆ ಜೋಡಿಸಿದ್ದರು.

"ನಾ ಒಳಗ ಮಾತಾಡತೇನಿ, ನೀವು ಹೊರಗ ಓದ್ರಿ. ಹೆಂಗೈತಿ ನೋಡ್ರಿ ನಮ್ಮ ಮಷಿನ್!" ಎಂದು ಶಿದ್ರಾಮಪ್ಪ ಒಳಹೊಕ್ಕು ಬಾಗಿಲು ಹಾಕಿಕೊಂಡ. ಮೈಕ್ ಹಚ್ಚುವಷ್ಟರಲ್ಲಿ ಮುಧೋಳದ ಬೀಗರ ಫೋನು ಬಂತು. ವೈರ್ ಇನ್ನೂ ಕೈಯಲ್ಲೇ ಇತ್ತು. ಇನ್ನೇನು ಭಯ?

"ಸಾತಪ್ಪಂದು ಮುಗದ ಕತಿ ಬಿಡ್ರಿ," ಎಂದು ಪರದೆಯತ್ತ ನೋಡದೆ ಮೆಲ್ಲಗೆ ನಕ್ಕ. "ವೈರ್ ಬದಲಿ ಮಾಡ್ರಿ ಅಂತ ಕಾಲು ಹಿಡದಿದ್ದ. ನಾನೇ ಮಾಡಿಸಲಿಲ್ಲ. ಕುಡುಕ ಅಂತ ನಾನೇ ಹುಟ್ಟಿಸಿದೆ, ಈ ಮಂದಿ ನಂಬಿತು. ಮಂದಿ ಅಂದ್ರ ಕುರಿ ರೀ."

ಫೋನಿಟ್ಟು ತಲೆಯೆತ್ತಿದ. ಗಾಜಿನಾಚೆ ಎಲ್ಲರೂ ಎದ್ದು ನಿಂತಿದ್ದರು. ಬಾಗಿಲು ತೆರೆದು ಹೊರಬಂದ. ತಿರುಗಿ ಟಿವಿ ನೋಡಿದ. ಕೊನೆಯ ಸಾಲು ದೀಪದ ಹಾಗೆ ಉರಿಯುತ್ತಿತ್ತು: ಮಂದಿ ಅಂದ್ರ ಕುರಿ ರೀ.

"ಅದು ಖರೇನೇ ಐತಿ," ಎಂದ, ಕೆಲಸ ಹೋದರೂ ಸಭೆಗೆ ಬಂದು ಶೆಡ್ಡಿನ ಬಾಗಿಲ ಬಳಿ ನಿಂತಿದ್ದ ಕಲ್ಮೇಶ. "ನಾ ಸುಳ್ಳು ಸಾಕ್ಷಿ ಹೇಳೇನಿ. ಇವತ್ತ ಎಲ್ಲಿ ಬೇಕಾದ್ರೂ ಬಂದು ಖರೆ ಹೇಳತೇನಿ."

ಶಿದ್ರಾಮಪ್ಪ ಕೈಯಲ್ಲಿದ್ದ ವೈರನ್ನು ಒಗೆದು ಮಂದಿಯತ್ತ ತಿರುಗಿದ.

"ಯಾರಲೇ ಇದನ್ನ ಬರದವರು?" ಎಂದು ಕಿರುಚಿದ.

ಗಾಜಿನೆದುರು ತನ್ನ ಜಾಗದಲ್ಲೇ ಕೂತಿದ್ದ ಶೇವಂತಿ ಮಡಿಲ ಮೇಲಿದ್ದ ನೂಲಿನ ಗಂಟನ್ನು ಆಚೆ ಸರಿಸಿದಳು. ಕೆಳಗೆ ಅವನೇ ಹೊರಗೆಸೆದಿದ್ದ ವೈರಿಲ್ಲದ ಕೀಬೋರ್ಡು. ಮಗ್ಗದ ಸದ್ದಿನಲ್ಲಿ ನೇಕಾರರೆಲ್ಲ ತುಟಿ ನೋಡಿ ಮಾತು ಹಿಡಿಯುವ ಹಾಗೆ, ಅವಳ ಕಣ್ಣು ಅವನ ತುಟಿಯ ಮೇಲೆಯೇ ನೆಟ್ಟಿತ್ತು. ಬೆರಳು ಆಡಿದವು.

ಟಿವಿಯ ಮೇಲೆ ಒಂದೊಂದೇ ಅಕ್ಷರ ಮೂಡಿತು: ಯಾರಲೇ ಇದನ್ನ ಬರದವರು?

ಅದರ ಕೆಳಗೆ: ನಾನು. ಸಾತಪ್ಪನ ಹೆಂಡತಿ.