ಮಾತು ಕೇಳುವ ಕಾರು

"ಗೆದ್ದು ಮೂರೇ ವಾರಕ್ಕೆ ತಂಡವನ್ನ ಮಾರ್ತಿದ್ದೀರಿ. ಹುಳುಕು ಎಲ್ಲಿದೆ, ಹೇಳಿಬಿಡಿ."

ಪೈಪು ಸಾಹುಕಾರ ರೇಸ್ ಕಾರಿಗೆ ಎರಡನೇ ಸುತ್ತು ಹಾಕಿದ. ತಂಡದ ಮಾಲೀಕ ಬಕೆಟ್ ಧಣಿ ಅವನ ಹಿಂದೆಯೇ ಸುತ್ತಿದರು. ಇಂದು ಇವನು ಕೊಳ್ಳದೆ ಹೊರಟು ಹೋದರೆ ಈ ತಂಡ ತಮ್ಮ ಕೊರಳಿಗೇ ಜೋತು ಬೀಳುತ್ತದೆ. ಮಾರುವ ಕಾರಣ ಒಂದಲ್ಲ ಒಂದು ದಿನ ಮನೆಯವರ ಕಿವಿಗೂ ಬೀಳುತ್ತದೆ. ಆಮೇಲೆ ಊಟಕ್ಕೆ ಕೂತಾಗ ಯಾರ ಮುಖ ನೋಡುವುದು?

"ಹುಳುಕೇನಿಲ್ಲ. ವಯಸ್ಸಾಯ್ತು, ಗಂಟಲು ಸೋತಿದೆ," ಎಂದರು ಧಣಿ.

ಅದೇನೂ ಸುಳ್ಳಲ್ಲ. ಏಳು ತಿಂಗಳು ಅವರು ಕೂಗಿದ್ದೇ ಕೂಗಿದ್ದು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಪ್ಲಾಸ್ಟಿಕ್ ಬಕೆಟ್ ಮಾಡಿ ಮೇಲೆ ಬಂದ ಮನುಷ್ಯ. ಕಾರ್ಖಾನೆ ಮಕ್ಕಳ ಕೈಗೆ ಹೋದಮೇಲೆ ಅವರ ಮಾತಿಗೆ ಮನೆಯಲ್ಲಿ ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ತಂಡದ ಹಿಂದಿನ ಮಾಲೀಕ, ಒಬ್ಬ ಟೈಲ್ಸ್ ವ್ಯಾಪಾರಿ, ಅವರನ್ನು ಟ್ರ್ಯಾಕಿನ ಬದಿಯ ಇದೇ ಕುರ್ಚಿಯಲ್ಲಿ ಕೂರಿಸಿದ್ದ. ಮೈಕು ಇದ್ದ ಹೆಡ್‌ಫೋನ್ ತಲೆಗೆ ತೊಡಿಸಿ, ತಾನು ಮರ್ಯಾದೆಯಿಂದ ಹಿಂದೆ ನಿಂತಿದ್ದ.

"ಕೈ ಎತ್ತು ಅನ್ನಿ ಅಣ್ಣ. ಡ್ರೈವರ್‌ಗೆ ಕೇಳಿಸುತ್ತೆ."

ಧಣಿ ಅಂದರು. ಎದುರಿಗೆ ಕಾರಿನಲ್ಲಿ ಕೂತವನು ಕೈ ಎತ್ತಿದ. ಧಣಿಗೆ ಕಣ್ಣು ತುಂಬಿತು. ವ್ಯಾಪಾರ ಅಲ್ಲೇ ಮುಗಿಯಿತು.

ಆಮೇಲೆ ಪ್ರತಿ ರೇಸಿಗೂ ಅದೇ ಕುರ್ಚಿ. "ತಿರುವು ಬಂತು, ತಿರುಗಿಸೋ" ಎಂದರೆ ಡ್ರೈವರ್ ತಿರುಗಿಸುತ್ತಿದ್ದ. "ರಸ್ತೆ ನೇರ ಇದೆ, ಒತ್ತೋ" ಎಂದರೆ ಒತ್ತುತ್ತಿದ್ದ. ಹೆತ್ತ ಮಗನೂ ಇಷ್ಟು ಮಾತು ಕೇಳಿದವನಲ್ಲ. ಸೋತಾಗ ಮಾತ್ರ, ತಾವೇ ಸರಿಯಾಗಿ ಹೇಳಲಿಲ್ಲವೆಂದು ಧಣಿ ತಪ್ಪೊಪ್ಪಿಕೊಳ್ಳುತ್ತಿದ್ದರು.

"ನೀವು ಹೇಳ್ತಾ ಇರಿ ಧಣಿ, ನಾವು ಓಡಿಸ್ತಾ ಇರ್ತೀವಿ," ಎಂದು ಸಮಾಧಾನ ಮಾಡುತ್ತಿದ್ದ ಹಳೇ ಮೆಕ್ಯಾನಿಕ್. ಐವರು ಮಾಲೀಕರನ್ನು ಕಂಡವನು ಅವನು.

ಗೆದ್ದ ದಿನ ಡ್ರೈವರನ್ನು ಅಪ್ಪಿಕೊಳ್ಳಲು ಧಣಿ ಎದ್ದರು. ಕಾಲುನೋವಿಗೆಂದು ಕಳಚಿಟ್ಟ ಚಪ್ಪಲಿ ಕುರ್ಚಿಯ ಮುಂದಿನ ಮೇಜಿನಡಿ ಸರಿದಿತ್ತು. ಬಗ್ಗಿ ಹುಡುಕಿದರು. ತಲೆ ಎತ್ತುವಷ್ಟರಲ್ಲಿ ಮಾರುವ ತೀರ್ಮಾನ ಆಗಿಹೋಗಿತ್ತು.

"ಗೆದ್ದಾಗ ಯಾರಾದ್ರೂ ಮಾರ್ತಾರಾ?" ಎಂದಿದ್ದಳು ಹೆಂಡತಿ.

"ಗೆದ್ದಾಗಲೇ ಮಾರ್ಬೇಕು ಕಣೇ. ನಿಂಗೆ ವ್ಯಾಪಾರ ಗೊತ್ತಾಗಲ್ಲ," ಎಂದು ಧಣಿ ಫ್ಯಾನನ್ನು ತಾವೇ ಹಾಕಿಕೊಂಡಿದ್ದರು.

ಈಗ ಪೈಪು ಸಾಹುಕಾರನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಹೆಡ್‌ಫೋನ್ ತೊಡಿಸಿದರು. ಮರ್ಯಾದೆಯಿಂದ ಹಿಂದೆ ನಿಂತರು.

"ಕೈ ಎತ್ತು ಅನ್ನಿ ತಮ್ಮ. ಡ್ರೈವರ್‌ಗೆ ಕೇಳಿಸುತ್ತೆ."

"ನಮ್ಮನೇಲಿ ನಾಯಿನೂ ನನ್ನ ಮಾತು ಕೇಳಲ್ಲ," ಎಂದು ನಕ್ಕ ಸಾಹುಕಾರ ಗಂಟಲು ಸರಿಮಾಡಿಕೊಂಡ. "ಕೈ ಎತ್ತಪ್ಪ."

ಎದುರಿಗೆ ಕಾರಿನಲ್ಲಿದ್ದ ಡ್ರೈವರ್ ಕೈ ಎತ್ತಿದ.

ಸಾಹುಕಾರ ಮೂಗೊರೆಸಿಕೊಂಡ. "ಪತ್ರ ತರ್ಸಿ," ಎಂದ.

ಅವನ ಬೆನ್ನ ಹಿಂದೆ ಧಣಿ, ಡ್ರೈವರಿಗೆ ಕಾಣಲೆಂದು ಮೇಲೆತ್ತಿದ್ದ ತಮ್ಮ ಕೈಯನ್ನು ಇಳಿಸಿದರು. ಎಲ್ಲಿಗೂ ಸಿಕ್ಕಿಸದ ಹೆಡ್‌ಫೋನ್ ತಂತಿಯ ತುದಿಯನ್ನು ಚಪ್ಪಲಿಯಿಂದ ಮೆಲ್ಲಗೆ ಮೇಜಿನಡಿಗೆ ತಳ್ಳಿದರು.