ಎರಡು ಸ್ಪೀಕರ್‌ಗಳ ನಡುವೆ

"ಅಕ್ಕಾ, ಕನ್ನಡೀನ ಗೋಡೆಗೆ ಆನಿಸಿ ನಿಧಾನಕ್ಕೆ ಸರಿಸ್ತಾ ಹೋಗಿ. ಕುರ್ಚೀಲಿ ಕೂತ ಸಾರ್‌ಗೆ ಅದರಲ್ಲಿ ಸ್ಪೀಕರ್ ಕಂಡ ಕಡೆ ಗುರುತು ಹಾಕಿ. ಸದ್ದು ಗೋಡೆಗೆ ಬಡಿದು ವಾಪಸ್ ಬರೋದು ಅಲ್ಲಿಂದಲೇ. ಅಲ್ಲಿ ಮೆತ್ತನೆ ಹಲಗೆ ಹೊಡೆದ್ರೆ ದನಿ ತಿಳಿಯಾಗತ್ತೆ," ಎಂದ, ಕೋಣೆಯ ಸದ್ದು ಅಳೆಯಲು ಬಂದಿದ್ದ ಅಳತೆಯವನು. ಬೆಳಗಿನಿಂದ ಅವನು ಕುರ್ಚಿಯ ಬಳಿ ಕಿವಿಯ ಎತ್ತರಕ್ಕೆ ಮೈಕು ನಿಲ್ಲಿಸಿ, ಗುಂಯ್ ಎಂದು ಶುರುವಾಗಿ ಕುಂಯ್ ಎಂದು ಮುಗಿಯುವ ಸದ್ದೊಂದನ್ನು ಹತ್ತಾರು ಸಲ ಹಾಕಿ, ಲ್ಯಾಪ್‌ಟಾಪಿನಲ್ಲಿ ಏರಿಳಿಯುವ ಗೆರೆಯನ್ನು ನೋಡಿ ತಲೆ ಕೊಡವಿದ್ದ.

ಇಷ್ಟೆಲ್ಲ ರಾಮಾಯಣ ಒಂದು ಹಳೆಯ ಕ್ಯಾಸೆಟ್ಟಿಗಾಗಿ. ಕನ್ನಡಿ ಹಿಡಿದವಳ ಗಂಡನ ಮೊದಲ ಹೆಂಡತಿ ತೀರಿಕೊಳ್ಳುವ ಹಿಂದಿನ ವರ್ಷ ಮನೆಯಲ್ಲೇ ಕೂತು ಹಾಡಿದ್ದು, ಇಪ್ಪತ್ತು ನಿಮಿಷ. ಇವಳು ಈ ಮನೆಗೆ ಬಂದು ನಾಲ್ಕು ವರ್ಷ. ಅಡುಗೆಮನೆಯ ಬಾಗಿಲು ಕಿರುಗುಟ್ಟುತ್ತದೆ ಎಂದು ಆ ನಾಲ್ಕು ವರ್ಷವೂ ಹೇಳಿದ್ದಳು. ಗಂಡನ ಸೂಕ್ಷ್ಮ ಕಿವಿಗೆ ಆ ಸದ್ದು ಮಾತ್ರ ಬಿದ್ದಿರಲಿಲ್ಲ.

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಿಚ್ಚು ಆರುತ್ತದೆಯೇ? ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಅವಳಿಗೂ ವಯಸ್ಸಾಗುತ್ತದೆ, ದನಿ ಒಡೆಯುತ್ತದೆ. ಈ ಪುಣ್ಯಾತ್ಗಿತ್ತಿಯ ದನಿ ಒಡೆಯುವ ಹಾಗೇ ಇಲ್ಲ. ಸಾಲದ್ದಕ್ಕೆ, ಅದನ್ನು ಇನ್ನೂ ತಿಳಿ ಮಾಡುವುದಕ್ಕೆ ಇವಳೇ ಕನ್ನಡಿ ಹಿಡಿಯಬೇಕು.

"ಇನ್ನೂ ಮುಂದೆ... ಇನ್ನೂ ಸ್ವಲ್ಪ... ಹಾಂ, ನಿಲ್ಸು ನಿಲ್ಸು! ಕಾಣ್ತು ಕಣೇ!" ಎಂದು ಗಂಡ ಕೂಗಿದ. ಅವನ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿದ್ದೇ ಇಲ್ಲ. ಮದುವೆಯ ದಿನವೂ ಇಲ್ಲ. ಅವಳ ಮೈಯೆಲ್ಲ ಉರಿಯಿತು.

ಅಳತೆಯವನು ಬೆನ್ನು ಮಾಡಿ ಹಲಗೆಗಳ ಕಟ್ಟು ಬಿಚ್ಚುತ್ತಿದ್ದ. ಅವಳು ಗಂಡನಿಗೆ ಕಾಣದಂತೆ ಮೈ ಅಡ್ಡ ಹಿಡಿದು, ಪೆನ್ಸಿಲನ್ನು ಮೂರು ಗೇಣು ಆಚೆ ಒಯ್ದು ಗುರುತು ಹಾಕಿದಳು. ಎದುರು ಗೋಡೆಯಲ್ಲೂ ಹಾಗೇ ಮಾಡಿದಳು.

ಹಲಗೆ ಹೊಡೆದು ಮುಗಿಸಿ ಮತ್ತೆ ಅಳೆದಾಗ ಅಳತೆಯವನು ತಲೆ ಕೆರೆದುಕೊಂಡ. "ಇದೇನು ಸಾರ್, ಗೆರೆ ಇದ್ದ ಹಾಗೇ ಇದೆ. ಗುರುತು ಸರಿಯಾಗಿ ಹಾಕಿದ್ರಾ ಅಕ್ಕಾ?"

"ಅವರು ನಿಲ್ಸು ಅಂದಲ್ಲೇ ನಿಲ್ಸಿದ್ದೀನಪ್ಪ."

"ಗೆರೆ ಕಟ್ಕೊಂಡು ಏನ್ರೀ ಆಗ್ಬೇಕು, ಕೇಳಿ ನೋಡೋಣ ಬಿಡಿ," ಎಂದು ಗಂಡ ಕ್ಯಾಸೆಟ್ ಹಾಕಿ ಕೂತು ಕಣ್ಣು ಮುಚ್ಚಿದ. ಹಾಡು ಶುರುವಾಯಿತು. ಅವಳು ಉಸಿರು ಬಿಗಿ ಹಿಡಿದು ಕೇಳಿದಳು. ಅದೇ ಗಜಿಬಿಜಿ, ಬೆಳಿಗ್ಗೆ ಹಾಕಿದಾಗ ಇದ್ದ ಹಾಗೇ ಒಡಕು ಒಡಕು. ಮನಸ್ಸಿಗೆ ಎಷ್ಟೋ ದಿನದ ಮೇಲೆ ತಂಪಾಯಿತು.

ಆದರೆ ಗಂಡನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಬಂದುಬಿಟ್ಲು," ಎಂದು ಅವನು ಪಿಸುಗುಟ್ಟಿದ.

ಅಳತೆಯವನು ಸದ್ದಿಲ್ಲದೆ ಮೈಕಿನ ವಯರು ಸುತ್ತತೊಡಗಿದ. ಅವಳಿಗೆ ತಡೆಯಲಾಗಲಿಲ್ಲ. ದಡದಡನೆ ಹೋಗಿ ಗಂಡನ ಎದುರಿಗೆ, ಎರಡು ಸ್ಪೀಕರ್‌ಗಳ ನಡುವೆ ನಿಂತಳು. "ರೀ, ಏನೂ ಬದಲಾಗಿಲ್ಲ. ನಿಮ್ಮಾಣೆಗೂ ಏನೂ ಬದಲಾಗಿಲ್ಲ. ಗುರುತು ನಾನು ಬೇಕಂತಲೇ ತಪ್ಪು ಹಾಕಿದ್ದು, ಕೇಳಿಸ್ತಾ?"

ಅವನು ಕಣ್ಣು ತೆರೆದ. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಕೈಯೆತ್ತಿ, ತುಂಬ ಮೆಲ್ಲಗೆ ಹೇಳಿದ:

"ಸ್ವಲ್ಪ ಪಕ್ಕಕ್ಕೆ ಸರಿ ಕಣೇ. ಅವಳ ಮುಂದೆ ನಿಂತಿದ್ದೀಯ."